ಕೆಂಪು ಚಡ್ಡಿಯ ಗೆಳೆಯ ಮರಳಿ ಬಂದಾಗ

2025ರ ಜುಲೈ ತಿಂಗಳ ಒಂದು ಭಾನುವಾರ, ಬೆಂಗಳೂರಿನ ಮಾಲ್ ಒಂದರ ಚಿತ್ರಮಂದಿರದಲ್ಲಿ, ಹನ್ನೊಂದು ವರ್ಷದ ಮೊಮ್ಮಗಳ ಪಕ್ಕದಲ್ಲಿ ಕುಳಿತು, ಅರವತ್ತೇಳರ ನಾನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡೆ. ತೆರೆಯ ಮೇಲೆ ನಡೆಯುತ್ತಿದ್ದುದು ಕರುಳು ಹಿಂಡುವಂಥ ಸಾವು-ನೋವಿನ ದೃಶ್ಯವೇನೂ ಅಲ್ಲ. ನೀಲಿ ಉಡುಪಿನ ಮೇಲೆ ಕೆಂಪು ಚಡ್ಡಿ ತೊಟ್ಟ ಯುವಕನೊಬ್ಬ ಆಕಾಶದಿಂದ ಹಿಮದ ಬಯಲಿಗೆ ಬಂದು ಅಪ್ಪಳಿಸಿ, ಬಾಯಲ್ಲಿ ರಕ್ತ ತುಂಬಿಕೊಂಡು, ಶಿಳ್ಳೆ ಹಾಕಿ ತನ್ನ ನಾಯಿಯನ್ನು ಕರೆಯಲು ಹೆಣಗುತ್ತಿದ್ದ. ಮೊಮ್ಮಗಳು ನನ್ನತ್ತ ತಿರುಗಿ, ‘ತಾತ, ಸಿನಿಮಾ ಈಗಷ್ಟೇ ಶುರುವಾಗಿದೆ’ ಎಂದು ಪಿಸುಗುಟ್ಟಿದಳು.

ಓದುಗರೂ ನಗಬಹುದು. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ, ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಕಡತಗಳ ನಡುವೆ ಬದುಕಿ, ಈಗ ಬೆಳಗಿನ ನಡಿಗೆ, ಮಧುಮೇಹದ ಮಾತ್ರೆ ಮತ್ತು ಪತ್ರಿಕೆಗಳಿಗೆ ಪತ್ರ ಬರೆಯುವ ಚಟದಲ್ಲಿ ದಿನ ಕಳೆಯುತ್ತಿರುವ ಮನುಷ್ಯನೊಬ್ಬ ಅಮೆರಿಕದ ಮಕ್ಕಳ ಚಿತ್ರಕಥೆಯ ನಾಯಕನ ಬಗ್ಗೆ ಗಂಭೀರವಾಗಿ ಬರೆಯಹೊರಡುವುದು ನಗೆಗೀಡಾಗುವ ಕೆಲಸವೇ ಸರಿ. ನನ್ನ ಸಮರ್ಥನೆ ಇಷ್ಟೇ. ಹದಿಹರೆಯದಲ್ಲಿ ಆರಿಸಿಕೊಂಡ ಆದರ್ಶಗಳೊಂದಿಗೆ ಮನುಷ್ಯ ಕೊನೆಯವರೆಗೂ ಲೆಕ್ಕ ಚುಕ್ತಾ ಮಾಡುತ್ತಲೇ ಇರಬೇಕಾಗುತ್ತದೆ. ಕೆಲವರಿಗೆ ಆ ಖಾತೆ ಗಾಂಧೀಜಿಯ ಹೆಸರಿನಲ್ಲಿರುತ್ತದೆ, ಕೆಲವರಿಗೆ ಮಾರ್ಕ್ಸ್‌ನ ಹೆಸರಿನಲ್ಲಿ. ನನ್ನದು, ಹೇಳಿಕೊಳ್ಳಲು ಸಂಕೋಚವಾದರೂ, ಸೂಪರ್‌ಮ್ಯಾನ್ ಹೆಸರಿನಲ್ಲಿದೆ.

ಹಜಾಮರ ಬೆಂಚಿನಿಂದ ಬಾಲ್ಕನಿಗೆ

ಹಾಸನ ಜಿಲ್ಲೆಯ ನಮ್ಮ ಊರಿನಲ್ಲಿ ಕ್ಷೌರದಂಗಡಿಯ ಬೆಂಚೇ ನಮ್ಮ ಗ್ರಂಥಾಲಯ. ಅಲ್ಲಿ ಇಂದ್ರಜಾಲ ಕಾಮಿಕ್ಸ್‌ನ ಕನ್ನಡ ಸಂಚಿಕೆಗಳು ಸಿಗುತ್ತಿದ್ದವು. 1964ರಲ್ಲಿ ಆರಂಭವಾದ ಆ ಮಾಲಿಕೆಯಲ್ಲಿ ಫ್ಯಾಂಟಮ್ ಇದ್ದ, ಮಾಂಡ್ರೇಕ್ ಇದ್ದ, ಸೂಪರ್‌ಮ್ಯಾನ್ ಇರಲಿಲ್ಲ. ಅವನು ನನಗೆ ಸಿಕ್ಕಿದ್ದು ಮೈಸೂರಿಗೆ ಓದಲು ಹೋದ ಮೇಲೆ, ಹಳೆ ಪುಸ್ತಕದ ಅಂಗಡಿಯೊಂದರಲ್ಲಿ, ರಟ್ಟು ಹರಿದ ಇಂಗ್ಲಿಷ್ ಸಂಚಿಕೆಯ ರೂಪದಲ್ಲಿ. ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ. ರಜೆಗೆ ಊರಿಗೆ ಹೋದಾಗ ಅದನ್ನು ಕಂಡ ನನ್ನ ತಂದೆ, ಪ್ರಾಥಮಿಕ ಶಾಲೆಯ ಮೇಷ್ಟರು, ಒಮ್ಮೆ ತಿರುವಿ ಹಾಕಿ, ‘ಹಾರೋನು ನಮ್ಮೂರ ಗುಡಿಯಲ್ಲೇ ಇದಾನಲ್ಲೋ’ ಎಂದು ಆಂಜನೇಯನ ದೇವಸ್ಥಾನದ ಕಡೆ ಕೈ ತೋರಿಸಿದ್ದರು. ಅವರ ಮಾತು ಸುಳ್ಳಾಗಿರಲಿಲ್ಲ. 1980ರಲ್ಲಿ ತೆಲುಗಿನವರು ಎನ್.ಟಿ. ರಾಮರಾವ್ ಅವರನ್ನು ಸೂಪರ್‌ಮ್ಯಾನ್ ಮಾಡಿದಾಗ ಅವನಿಗೆ ಶಕ್ತಿ ಕೊಡಿಸಿದ್ದು ಆಂಜನೇಯನಿಂದಲೇ!

ರಿಚರ್ಡ್ ಡಾನರ್ ನಿರ್ದೇಶಿಸಿದ ‘ಸೂಪರ್‌ಮ್ಯಾನ್’ 1978ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಬಿಡುಗಡೆಯಾಯಿತು. ಇಂಗ್ಲಿಷ್ ಚಿತ್ರಗಳು ಆಗ ನಮ್ಮಲ್ಲಿಗೆ ಹಡಗಿನ ಅಂಚೆಯಂತೆ ನಿಧಾನವಾಗಿ ಬರುತ್ತಿದ್ದವು. ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತಿದ್ದ ನಾನು 1980ರ ದಸರಾ ರಜೆಯಲ್ಲಿ ಬೆಂಗಳೂರಿನ ಸೋದರಮಾವನ ಮನೆಗೆ ಬಂದಿದ್ದಾಗ, ಅವರ ಮಗನೊಡನೆ ದಂಡು ಪ್ರದೇಶದ ಚಿತ್ರಮಂದಿರವೊಂದರಲ್ಲಿ ಅದನ್ನು ನೋಡಿದೆ. ಜಾನ್ ವಿಲಿಯಮ್ಸ್ ಅವರ ಕಹಳೆಯ ಸಂಗೀತ ಮೊಳಗಿ, ಹೆಸರುಗಳು ಬಾಣದಂತೆ ತೆರೆಯಿಂದ ನಮ್ಮತ್ತ ಹಾರಿ ಬಂದಾಗಲೇ ಬಾಲ್ಕನಿಯಲ್ಲಿ ಶಿಳ್ಳೆ ಶುರುವಾಗಿತ್ತು. ಪತ್ರಿಕಾ ಕಚೇರಿಯ ಮಹಡಿಯಿಂದ ಹೆಲಿಕಾಪ್ಟರ್ ಜಾರಿ, ಲೋಯಿಸ್ ಲೇನ್ ಕೈತಪ್ಪಿ ಬೀಳುವಾಗ ಅವನು ಕೆಳಗಿನಿಂದ ಹಾರಿ ಬಂದು ಒಂದು ಕೈಯಲ್ಲಿ ಅವಳನ್ನೂ ಇನ್ನೊಂದು ಕೈಯಲ್ಲಿ ಹೆಲಿಕಾಪ್ಟರನ್ನೂ ಹಿಡಿಯುತ್ತಾನೆ. ಆ ಕ್ಷಣದಲ್ಲಿ ಎದ್ದ ಕೇಕೆ ನನ್ನ ಕಿವಿಯಲ್ಲಿ ಇಂದಿಗೂ ಇದೆ.

ಆದರೆ ನನ್ನನ್ನು ಶಾಶ್ವತವಾಗಿ ಕಟ್ಟಿಹಾಕಿದ್ದು ಹಾರಾಟವಲ್ಲ. ಲೋಯಿಸ್‌ಳ ಮನೆಯಲ್ಲಿ, ಅವಳು ಒಳಗೆ ಹೋಗಿದ್ದಾಗ, ಮುದುರಿಕೊಂಡು ನಿಂತಿದ್ದ ಕ್ಲಾರ್ಕ್ ಕೆಂಟ್ ಸತ್ಯ ಹೇಳಿಬಿಡೋಣವೆಂದು ಕನ್ನಡಕ ತೆಗೆಯುತ್ತಾನೆ. ಭುಜ ಅಗಲವಾಗುತ್ತದೆ, ಬೆನ್ನು ನೆಟ್ಟಗಾಗುತ್ತದೆ, ದನಿ ಇಳಿದು ಗಟ್ಟಿಯಾಗುತ್ತದೆ. ಯಾವ ತಂತ್ರವೂ ಇಲ್ಲದೆ, ಒಬ್ಬನೇ ನಟ, ಒಂದೇ ಚಿತ್ರಿಕೆಯಲ್ಲಿ, ಎರಡು ಮನುಷ್ಯರಾಗುತ್ತಾನೆ. ಮರುಕ್ಷಣ ಧೈರ್ಯ ಸಾಲದೆ ಮತ್ತೆ ಕನ್ನಡಕ ಹಾಕಿ ಮುದುರಿಕೊಳ್ಳುತ್ತಾನೆ. ಹಳ್ಳಿಯಿಂದ ಬಂದು, ಇಂಗ್ಲಿಷ್ ತಡವರಿಸುತ್ತ, ತರಗತಿಯ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ನನಗೆ ಕ್ರಿಸ್ಟೋಫರ್ ರೀವ್ ಎಂಬ ಆ ನಟ ಒಂದು ಗುಟ್ಟು ಹೇಳಿಕೊಟ್ಟಿದ್ದ: ಬೆನ್ನು ನೆಟ್ಟಗೆ ಮಾಡುವುದು ನಮ್ಮ ಕೈಯಲ್ಲೇ ಇದೆ.

ಹದಿಮೂರು ಪುಟಗಳ ಬೆಲೆ

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಈ ನಾಯಕನ ಹುಟ್ಟಿನ ಕಥೆಯನ್ನು ಹೇಳದಿರಲಾರೆ. ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡಿನ ಜೆರಿ ಸೀಗಲ್ ಮತ್ತು ಜೋ ಶುಸ್ಟರ್, ವಲಸೆ ಬಂದ ಯಹೂದಿ ಕುಟುಂಬಗಳ ಇಬ್ಬರು ಹುಡುಗರು, ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ ಇವನನ್ನು ಕಲ್ಪಿಸಿದರು. ಒಬ್ಬ ಬರೆದ, ಇನ್ನೊಬ್ಬ ಚಿತ್ರ ಬಿಡಿಸಿದ. 1938ರಲ್ಲಿ ‘ಆ್ಯಕ್ಷನ್ ಕಾಮಿಕ್ಸ್’ನ ಮೊದಲ ಸಂಚಿಕೆಯಲ್ಲಿ, 10 ಸೆಂಟ್ ಬೆಲೆಯ ಪುಸ್ತಕದಲ್ಲಿ, ಅವನು ಕಾಣಿಸಿಕೊಂಡ. ಪುಟಕ್ಕೆ 10 ಡಾಲರಿನಂತೆ ಹದಿಮೂರು ಪುಟಗಳಿಗೆ 130 ಡಾಲರ್ ಪಡೆದು, ಆ ಹುಡುಗರು ಪಾತ್ರದ ಎಲ್ಲ ಹಕ್ಕುಗಳನ್ನೂ ಪ್ರಕಾಶಕರಿಗೆ ಬರೆದುಕೊಟ್ಟರು. ಮುಂದಿನ ದಶಕಗಳ ನ್ಯಾಯಾಲಯದ ಅಲೆದಾಟ ಅವರಿಗೆ ಹೆಚ್ಚೇನನ್ನೂ ತಂದುಕೊಡಲಿಲ್ಲ. 1970ರ ದಶಕದ ನಡುವಿಗೆ ಸೀಗಲ್ ಕಚೇರಿಯೊಂದರಲ್ಲಿ ಗುಮಾಸ್ತ. ಶುಸ್ಟರ್ ದೃಷ್ಟಿ ಬಹುಪಾಲು ಹೋಗಿತ್ತು. ಹೊಸ ಸಿನಿಮಾ ಸಿದ್ಧವಾಗುತ್ತಿದೆಯೆಂಬ ಸುದ್ದಿ ಬಂದಾಗ ಸೀಗಲ್ ಪತ್ರಿಕೆಗಳ ಮುಂದೆ ತನ್ನ ಕಷ್ಟ ತೋಡಿಕೊಂಡ. ಸಾರ್ವಜನಿಕ ಒತ್ತಡಕ್ಕೆ ಮಣಿದ ಕಂಪನಿ 1975ರಲ್ಲಿ ತಲಾ ವಾರ್ಷಿಕ 20,000 ಡಾಲರ್ ಕೊಡಲೊಪ್ಪಿತು. ಸೃಷ್ಟಿಕರ್ತರೆಂದು ಅವರ ಹೆಸರನ್ನು ಮತ್ತೆ ಮುದ್ರಿಸಲು ಒಪ್ಪಿತು.

ಅದೇ 1978ರ ಚಿತ್ರದಲ್ಲಿ ಕೆಲವೇ ನಿಮಿಷಗಳ ಪಾತ್ರಕ್ಕೆ ಮರ್ಲಾನ್ ಬ್ರಾಂಡೊ ಪಡೆದ ಸಂಭಾವನೆ 37 ಲಕ್ಷ ಡಾಲರ್. ಇನ್ನು, 2025ರ ನವೆಂಬರಿನಲ್ಲಿ, ಕ್ಯಾಲಿಫೋರ್ನಿಯದ ಮನೆಯೊಂದರ ಅಟ್ಟದ ಮೇಲೆ ಹಳೆಯ ಪತ್ರಿಕೆಗಳ ರಾಶಿಯಡಿ ಸೋದರರಿಗೆ ಸಿಕ್ಕ ‘ಸೂಪರ್‌ಮ್ಯಾನ್’ ಮೊದಲ ಸಂಚಿಕೆಯ ಒಂದು ಪ್ರತಿ ಹರಾಜಿನಲ್ಲಿ 91.2 ಲಕ್ಷ ಡಾಲರಿಗೆ ಮಾರಾಟವಾಯಿತು. ಸೃಷ್ಟಿಸಿದವನಿಗೆ ಎಷ್ಟು, ಹೊಂದಿದವನಿಗೆ ಎಷ್ಟು ಎಂಬ ನಮ್ಮ ಶಾಸ್ತ್ರದ ಹಳೆಯ ಪ್ರಶ್ನೆಗೆ ಇದಕ್ಕಿಂತ ಸರಳ ಉದಾಹರಣೆ ನನಗೆ ಪಠ್ಯಪುಸ್ತಕಗಳಲ್ಲಿ ಸಿಕ್ಕಿಲ್ಲ. ದುರ್ಬಲರ ಪರವಾಗಿ ನಿಲ್ಲುವ ನಾಯಕನನ್ನು ಸೃಷ್ಟಿಸಿದವರ ಪರವಾಗಿ ನಿಲ್ಲಲು ಬಹುಕಾಲ ಯಾರೂ ಇರಲಿಲ್ಲ.

ಬಿದ್ದವನು, ಎದ್ದವನು

ಆಮೇಲಿನ ಕಥೆ ಅಭಿಮಾನಿಗೆ ಇಳಿಜಾರು. 1980ರ ಎರಡನೆಯ ಚಿತ್ರ ಚೆನ್ನಾಗಿತ್ತು. 1983ರ ಮೂರನೆಯದು ಹಾಸ್ಯಕ್ಕೆ ಜಾರಿತು. ಅದರಲ್ಲಿ ಗುಮಾಸ್ತನೊಬ್ಬ ಸಂಬಳದ ಲೆಕ್ಕದಲ್ಲಿ ಉಳಿಯುವ ಅರ್ಧ ಸೆಂಟುಗಳನ್ನು ಕಂಪ್ಯೂಟರ್ ಮೂಲಕ ತನ್ನ ಖಾತೆಗೆ ಹರಿಸಿಕೊಳ್ಳುವ ಪ್ರಸಂಗ ಮಾತ್ರ ಖಜಾನೆಯ ಸಹವಾಸವಿದ್ದ ನನಗೆ ಬಲು ಸೊಗಸೆನಿಸಿತ್ತು. 1987ರ ನಾಲ್ಕನೆಯದರಲ್ಲಿ ಸೂಪರ್‌ಮ್ಯಾನ್ ಜಗತ್ತಿನ ಅಣ್ವಸ್ತ್ರಗಳನ್ನೆಲ್ಲ ಒಟ್ಟುಗೂಡಿಸಿ ಸೂರ್ಯನಿಗೆಸೆಯುತ್ತಾನೆ. ಆಶಯ ದೊಡ್ಡದು, ಬಂಡವಾಳ ಸಣ್ಣದು. ತಂತಿಗಳು ಕಣ್ಣಿಗೆ ಕಾಣುವಷ್ಟು ಬಡತನ.

1995ರ ಮೇ 27ರಂದು ಕುದುರೆಯಿಂದ ಬಿದ್ದು ರೀವ್ ಕತ್ತಿನ ಕೆಳಗೆ ಸ್ವಾಧೀನ ಕಳೆದುಕೊಂಡ. ಆಗ ನಾನು ಉತ್ತರ ಕರ್ನಾಟಕದ ತಾಲ್ಲೂಕು ಕೇಂದ್ರವೊಂದರಲ್ಲಿದ್ದೆ. ಇಂಗ್ಲಿಷ್ ಪತ್ರಿಕೆಯ ಒಳಪುಟದಲ್ಲಿ ಸುದ್ದಿ ಓದಿ, ಅಂದು ಕಚೇರಿಯಲ್ಲಿ ಯಾರೊಡನೆಯೂ ಹೇಳಿಕೊಳ್ಳಲಾರದೆ ಸುಮ್ಮನಿದ್ದೆ. ಯಾರಿಗೆ ಹೇಳುವುದು, ಏನೆಂದು ಹೇಳುವುದು? ಹಾರುವುದನ್ನು ನಂಬಿಸಿದವನು ಉಸಿರಾಡಲು ಯಂತ್ರ ಬೇಕಾದ ಸ್ಥಿತಿಗೆ ಬಂದ. ಮರುವರ್ಷವೇ ಗಾಲಿಕುರ್ಚಿಯಲ್ಲಿ ಆಸ್ಕರ್ ವೇದಿಕೆಗೆ ಬಂದ. ಬೆನ್ನುಹುರಿಯ ಗಾಯಗಳ ಸಂಶೋಧನೆಗಾಗಿ ಉಳಿದ ಬದುಕನ್ನೆಲ್ಲ ದುಡಿಸಿದ. 2004ರ ಅಕ್ಟೋಬರ್ 10ರಂದು, ತನ್ನ 52ನೆಯ ವಯಸ್ಸಿನಲ್ಲಿ, ತೀರಿಕೊಂಡ.

ಪುನರುಜ್ಜೀವನದ ಯತ್ನಗಳು ನಡೆದವು. 2006ರ ‘ಸೂಪರ್‌ಮ್ಯಾನ್ ರಿಟರ್ನ್ಸ್’ ರೀವ್‌ನ ಛಾಯೆಯನ್ನು ಪೂಜಿಸುವುದರಲ್ಲೇ ಮಗ್ನವಾಯಿತು. ತೀರಿಹೋಗಿದ್ದ ಬ್ರಾಂಡೊನ ಹಳೆಯ ದೃಶ್ಯಗಳನ್ನೂ ಬಳಸಿಕೊಂಡಿತು. ಅದು ತಿಥಿಯೂಟದಂತಿತ್ತು: ರುಚಿ ಇದ್ದರೂ ಸಂಭ್ರಮವಿಲ್ಲ. 2013ರ ‘ಮ್ಯಾನ್ ಆಫ್ ಸ್ಟೀಲ್’ ಅದಕ್ಕೆ ವಿರುದ್ಧ ದಿಕ್ಕು ಹಿಡಿಯಿತು. ಕೆಂಪು ಚಡ್ಡಿ ಹೋಯಿತು, ಅದರೊಡನೆ ನಗುವೂ ಹೋಯಿತು. ನಗರಕ್ಕೆ ನಗರವೇ ಧೂಳಾಗುವಂತೆ ಹೋರಾಡಿದ ನಾಯಕ ಕೊನೆಗೆ ವೈರಿಯ ಕತ್ತನ್ನು ಮುರಿದು ಕೊಂದ. ಬಸ್ಸಿನಲ್ಲಿ ಮುಳುಗುತ್ತಿದ್ದ ಮಕ್ಕಳನ್ನು ಉಳಿಸಿ ಬಂದ ಮಗನಿಗೆ ಸಾಕುತಂದೆ ಬೆನ್ನು ತಟ್ಟುವ ಬದಲು, ಗುಟ್ಟು ಕಾಪಾಡಿಕೊಳ್ಳಬೇಕಿತ್ತು ಎನ್ನುವ ಧಾಟಿಯಲ್ಲಿ ಮಾತಾಡುತ್ತಾನೆ. ಆ ದಶಕದ ಬುದ್ಧಿವಂತರು ಇದನ್ನು ಪ್ರೌಢತೆ ಎಂದರು. ನನಗೆ ಮಾತ್ರ ಮೇಷ್ಟರೊಬ್ಬರು ಮಕ್ಕಳಿಗೆ ‘ಒಳ್ಳೆಯವರಾಗಬೇಡಿ, ಜಾಣರಾಗಿ’ ಎಂದು ಹೇಳಿಕೊಟ್ಟಂತೆ ಕೇಳಿಸಿತು. ಮುಂದೆ ನೋಡುವುದನ್ನೇ ಬಿಟ್ಟೆ.

ಹೀಗಾಗಿ ಜೇಮ್ಸ್ ಗನ್ ನಿರ್ದೇಶನದ ಹೊಸ ಚಿತ್ರ 2025ರ ಜುಲೈ 11ರಂದು ತೆರೆಗೆ ಬಂದಾಗ ನನಗೆ ಉತ್ಸಾಹಕ್ಕಿಂತ ಅನುಮಾನವೇ ಹೆಚ್ಚಾಗಿತ್ತು. ಚಡ್ಡಿ ಮರಳಿದೆ ಎಂದು ತಿಳಿದಾಗ ಸ್ವಲ್ಪ ಮೆತ್ತಗಾದೆ. ಹೊಸ ನಟ ಡೇವಿಡ್ ಕೊರೆನ್ಸ್‌ವೆಟ್ ಕಲಿತದ್ದು ರೀವ್ ಕಲಿತ ಜೂಲಿಯಾರ್ಡ್ ಶಾಲೆಯಲ್ಲೇ ಎಂದು ತಿಳಿದಾಗ ಇನ್ನೂ ಸ್ವಲ್ಪ. ಚಿತ್ರದಲ್ಲಿ ಟೀವಿ ವರದಿಗಾರನಾಗಿ ಒಂದು ಗಳಿಗೆ ಬಂದು ಹೋಗುವ ಯುವಕ ರೀವ್‌ನ ಮಗ ವಿಲ್ ಎಂದು ಗೊತ್ತಿದ್ದ ನಾನು ಆ ಗಳಿಗೆಗಾಗಿ ಕಾದು ಕುಳಿತಿದ್ದೆ.

ಲೂಥರನ ಭೂದಾಹ

ಮೊದಲು ದೂರುಗಳನ್ನು ಮುಗಿಸಿಬಿಡೋಣ. ಚಿತ್ರದಲ್ಲಿ ಜನಸಂದಣಿ ಹೆಚ್ಚು. ಇನ್ನೂ ಮೂರ್ನಾಲ್ಕು ಅತಿಮಾನವರು ನೂಕುನುಗ್ಗಲಿನಲ್ಲಿ ಬಂದು ಹೋಗುತ್ತಾರೆ; ಮೊಮ್ಮಗಳಿಗೆ ಅವರ ಹೆಸರುಗಳೆಲ್ಲ ಗೊತ್ತಿದ್ದವು, ನನಗೆ ಮದುವೆ ಮನೆಯಲ್ಲಿ ಬೀಗರ ಕಡೆಯವರನ್ನು ಪರಿಚಯಿಸಿದ ಹಾಗಾಯಿತು. ಎಲ್ಲರೂ ವೇಗವಾಗಿ ಮಾತಾಡುತ್ತಾರೆ, ಗಂಭೀರ ಗಳಿಗೆಯನ್ನು ಚುಟುಕು ಹಾಸ್ಯದಿಂದ ಕೆಡಿಸುತ್ತಾರೆ. ಸದ್ದಿಗೆ ನನ್ನ ಶ್ರವಣಯಂತ್ರವೇ ಬೇಸತ್ತಿತು. ಜತೆಗೆ ನಮ್ಮ ಸೆನ್ಸಾರ್ ಮಂಡಳಿಯ ಕೊಡುಗೆ: ನಾಯಕ-ನಾಯಕಿಯರ ಚುಂಬನದಿಂದ 33 ಸೆಕೆಂಡುಗಳನ್ನು ಕತ್ತರಿಸಲಾಗಿತ್ತು. ಊರೆಲ್ಲ ಉರುಳಿಬೀಳುವ ದೃಶ್ಯಗಳು ಅಬಾಧಿತ. ಇಬ್ಬರು ವಯಸ್ಕರ ಪ್ರೀತಿ ಮಾತ್ರ ಮಕ್ಕಳಿಗೆ ಅಪಾಯಕಾರಿ! ಕಡತದಲ್ಲಿ ಏನಾದರೂ ಷರಾ ಬರೆಯದೆ ಮುಂದಕ್ಕೆ ಕಳಿಸಲಾರದ ಮನಃಸ್ಥಿತಿ ನನಗೆ ಅಪರಿಚಿತವಲ್ಲ.

ಇನ್ನು ಖಳನಾಯಕ. ಜಮೀನಿನ ಕಡತಗಳಲ್ಲೇ ತಲೆ ನರೆತವನಾದ ನಾನು ಒಂದು ಅಂಶವನ್ನು ಗಮನಿಸಿದ್ದೇನೆ. ಲೆಕ್ಸ್ ಲೂಥರನಿಗೆ ಎಂದೂ ಬೇಕಾದದ್ದು ಭೂಮಿ. 1978ರಲ್ಲಿ ಅವನು ಕ್ಯಾಲಿಫೋರ್ನಿಯದ ಮರುಭೂಮಿಯನ್ನು ಅಗ್ಗದ ಬೆಲೆಗೆ ಕೊಂಡು, ಕರಾವಳಿಯನ್ನು ಕ್ಷಿಪಣಿಯಿಂದ ಸಮುದ್ರಕ್ಕಿಳಿಸಿ, ತನ್ನ ಬರಡು ನೆಲವನ್ನು ಕಡಲ ತೀರದ ನಿವೇಶನಗಳಾಗಿಸುವ ಯೋಜನೆ ಹಾಕಿದ್ದ. ರಿಕಾರ್ಡೊನ ಗೇಣಿ ಸಿದ್ಧಾಂತವನ್ನು ಆಗಷ್ಟೇ ಓದುತ್ತಿದ್ದ ನಾನು ಚಿತ್ರಮಂದಿರದಲ್ಲಿ ಬೆರಗಾಗಿದ್ದೆ. 2006ರಲ್ಲಿ ಸಮುದ್ರದ ನಡುವೆ ಹೊಸ ಖಂಡವನ್ನೇ ಬೆಳೆಸಹೊರಟ. 2025ರಲ್ಲಿ ಬೊರಾವಿಯ ಎಂಬ ಕಲ್ಪಿತ ದೇಶಕ್ಕೆ ಶಸ್ತ್ರಾಸ್ತ್ರ ಒದಗಿಸಿ, ಅದು ನೆರೆಯ ಬಡ ದೇಶ ಜರ್ಹಾನ್‌ಪುರವನ್ನು ಆಕ್ರಮಿಸಿದ ಮೇಲೆ ಅರ್ಧ ಭೂಮಿಯನ್ನು ತಾನು ಪಡೆಯುವ ಒಪ್ಪಂದ ಮಾಡಿಕೊಂಡಿದ್ದಾನೆ. ಯುದ್ಧವೆಂದರೆ ಅವನಿಗೆ ಭೂಸ್ವಾಧೀನದ ಇನ್ನೊಂದು ವಿಧಾನ. ಬೆಂಗಳೂರಿನ ಸುತ್ತಮುತ್ತ ಕೆರೆಯಂಗಳ ಮತ್ತು ಗೋಮಾಳಗಳ ಗತಿ ಏನಾಯಿತೆಂದು ಬಲ್ಲವರಿಗೆ ಲೂಥರನನ್ನು ಹೊರಗಿನಿಂದ ಆಮದು ಮಾಡಿಕೊಳ್ಳುವ ಅಗತ್ಯವಿಲ್ಲ.

ಯಾರ ಅನುಮತಿ?

ನನ್ನನ್ನು ಕುರ್ಚಿಯ ತುದಿಗೆ ತಂದ ದೃಶ್ಯದಲ್ಲಿ ಹೊಡೆದಾಟವಿರಲಿಲ್ಲ. ಒಂದು ಮನೆಯ ಹಜಾರ, ಇಬ್ಬರು, ಒಂದು ಧ್ವನಿಮುದ್ರಕ. ಲೋಯಿಸ್ ಲೇನ್ ತನ್ನ ಪ್ರಿಯಕರನನ್ನು ಪತ್ರಕರ್ತೆಯಾಗಿ ಸಂದರ್ಶಿಸುತ್ತಾಳೆ. ಬೊರಾವಿಯದ ಆಕ್ರಮಣವನ್ನು ಅವನು ಒಬ್ಬನೇ ಹೋಗಿ ತಡೆದಿದ್ದಾನೆ. ಅಲ್ಲಿನ ಅಧ್ಯಕ್ಷನನ್ನು ಎತ್ತಿಕೊಂಡು ಹೋಗಿ ಬೆದರಿಸಿಯೂ ಬಂದಿದ್ದಾನೆ. ಅವಳು ಕೇಳುತ್ತಾಳೆ: ಅಧ್ಯಕ್ಷರನ್ನು ಕೇಳಿದೆಯಾ? ಇನ್ನೊಂದು ದೇಶದ ಗಡಿಯೊಳಗೆ ಹೋಗಲು ನಿನಗೇನು ಅಧಿಕಾರ? ಜಗತ್ತು ನಿನ್ನನ್ನು ಅಮೆರಿಕದ ಪ್ರತಿನಿಧಿಯೆಂದು ತಿಳಿದರೆ ಪರಿಣಾಮವೇನು? ಅವನು ಮೊದಲು ತಾಳ್ಮೆಯಿಂದ, ಬಳಿಕ ಸಿಟ್ಟಿನಿಂದ, ಒಂದೇ ಉತ್ತರ ಕೊಡುತ್ತಾನೆ: ಜನ ಸಾಯುತ್ತಿದ್ದರು.

ಚಿತ್ರಮಂದಿರದಲ್ಲಿದ್ದ ಯುವಜನರೆಲ್ಲ ಅವನ ಪರ. ನಾನು ಮಾತ್ರ ಎರಡು ಹೋಳಾಗಿದ್ದೆ. ಇಪ್ಪತ್ತೆರಡರ ನಾನು ಅವನೊಡನೆ. ನಿವೃತ್ತ ಅಧಿಕಾರಿಯಾದ ನಾನು ಲೋಯಿಸ್‌ಳೊಡನೆ. ಅಧಿಕಾರವ್ಯಾಪ್ತಿ, ಪೂರ್ವಾನುಮತಿ, ಉತ್ತರದಾಯಿತ್ವ ಎಂಬ ಪದಗಳು ಜನರನ್ನು ಸತಾಯಿಸಲು ಹುಟ್ಟಿದವಲ್ಲ. ಒಳ್ಳೆಯದೆಂದು ತನಗೆ ತೋರಿದ್ದನ್ನೆಲ್ಲ ಬಲವುಳ್ಳವನು ಮಾಡತೊಡಗಿದರೆ, ನಾಳೆ ಕೆಟ್ಟವನೂ ಅದೇ ವಾದ ಹೂಡುತ್ತಾನೆ. ಇದನ್ನು ನಾನು ಪಾಠದಂತೆ ಕಿರಿಯರಿಗೆ ಹೇಳಿಕೊಟ್ಟಿದ್ದೇನೆ.

ಆದರೂ ಆ ಹಜಾರದ ಮಾತು ಕೇಳುತ್ತಿದ್ದಂತೆ ನನ್ನ ಮನಸ್ಸು 2009ಕ್ಕೆ ಹೋಯಿತು. ಆ ವರ್ಷದ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದ ಮಹಾಮಳೆಗೆ ಉತ್ತರ ಕರ್ನಾಟಕ ಮುಳುಗಿದ್ದನ್ನು ಓದುಗರು ಮರೆತಿರಲಾರರು. ಪರಿಹಾರ ಕಾರ್ಯಕ್ಕೆ ನಿಯೋಜಿತನಾಗಿದ್ದ ನಾನು ಒಂದು ಊರಿನ ಶಾಲೆಯಲ್ಲಿ ತೆರೆದಿದ್ದ ಗಂಜಿ ಕೇಂದ್ರದ ಹೊಣೆ ಹೊತ್ತಿದ್ದೆ. ಎರಡನೆಯ ರಾತ್ರಿ ಅಕ್ಕಿ ಮುಗಿಯಿತು. ಕೂಗಳತೆಯಲ್ಲೇ ಸರ್ಕಾರಿ ಗೋದಾಮು, ಕೀಲಿ ಇದ್ದವನು ನೀರಿನ ಆಚೆ ದಡದಲ್ಲಿ, ಫೋನುಗಳು ಸತ್ತಿದ್ದವು. ಬೀಗ ಒಡೆಸಿದೆ. ನಲವತ್ತು ಚೀಲ ಅಕ್ಕಿ ಹೊರಬಂತು. ಪಂಚನಾಮೆಯನ್ನು ಮೇಣದಬತ್ತಿಯ ಬೆಳಕಿನಲ್ಲಿ ಬರೆದು ಊರ ಹಿರಿಯರ ಸಹಿ ಹಾಕಿಸಿದೆ. ಆ ನಲವತ್ತು ಚೀಲಗಳ ಮೇಲಿನ ಲೆಕ್ಕಪರಿಶೋಧನೆಯ ಆಕ್ಷೇಪಣೆ ನನ್ನ ನಿವೃತ್ತಿಯವರೆಗೂ ಹಿಂಬಾಲಿಸಿ ಬಂದು, ನಿವೃತ್ತಿವೇತನದ ಕಾಗದಗಳನ್ನು ಮೂರು ತಿಂಗಳು ನಿಲ್ಲಿಸಿತು. ಈ ಕಥೆಯನ್ನು ನಾನು ಬಂಧುಬಳಗದಲ್ಲಿ ಹಲವು ಸಲ ಹೇಳಿದ್ದೇನೆ. ಹೇಳುವಾಗಲೆಲ್ಲ ನನ್ನ ಬೆನ್ನು ನೆಟ್ಟಗಾಗುತ್ತದೆ.

ಹೇಳದೆ ಉಳಿಸಿಕೊಂಡ ಇನ್ನೊಂದಿದೆ. ಅದೇ ಊರಿನ ವೃದ್ಧೆಯೊಬ್ಬಳ ಮನೆ ಗೋಡೆಗೋಡೆಯೂ ಕುಸಿದಿತ್ತು. ಮನೆ ಇದ್ದದ್ದು ಸರ್ಕಾರಿ ಜಾಗದಲ್ಲಿ. ಹಕ್ಕುಪತ್ರವಿಲ್ಲ, ಯಾವ ದಾಖಲೆಯಲ್ಲೂ ಅವಳ ಹೆಸರಿಲ್ಲ. ಪರಿಹಾರದ ಪಟ್ಟಿಗೆ ಸೇರಿಸಲು ನಿಯಮ ಅಡ್ಡಬಂತು. ಸೇರಿಸುವ ದಾರಿ ಇರಲಿಲ್ಲವೆಂದಲ್ಲ. ಸ್ಥಳದಲ್ಲಿ ನಾನು ಕಂಡದ್ದನ್ನು ಬರೆದು, ನನ್ನ ಹೊಣೆಯ ಮೇಲೆ ಶಿಫಾರಸು ಮಾಡಬಹುದಿತ್ತು. ಅಷ್ಟರಲ್ಲಿ ಗೋದಾಮಿನ ಬೀಗದ ಬಗ್ಗೆ ನನಗೆ ನೋಟಿಸು ಬಂದಿತ್ತು. ‘ನಿಯಮಾನುಸಾರ ಪರಿಶೀಲಿಸಿ ಮಂಡಿಸಿ’ ಎಂದು ಬರೆದು ಕಡತವನ್ನು ಕೆಳಕ್ಕೆ ಕಳಿಸಿದೆ. ಅವಳು ಮೂರು ಸಲ ಬಂದಳು. ಮೂರನೆಯ ಸಲ, ‘ಮನಿ ಬಿದ್ದದ್ದು ನೀವ ನೋಡೀರಲ್ರೀ ಸಾಹೇಬ್ರ’ ಎಂದಷ್ಟೇ ಹೇಳಿ ಹೋದಳು. ಎಂಟು ತಿಂಗಳ ನಂತರ ಮಂಜೂರಾತಿ ಬಂದಾಗ ಅವಳು ಮಗನೊಡನೆ ಗೋವಾದ ಕಡೆ ಕೂಲಿಗೆ ಹೋಗಿದ್ದಳು. ಚೆಕ್ಕು ಹಿಂದಿರುಗಿತು. ನಿಯಮದ ಪ್ರಕಾರ ನಾನು ಮಾಡಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಆ ಕಡತದ ಮೇಲೆ ಯಾವ ಆಕ್ಷೇಪಣೆಯೂ ಬರಲಿಲ್ಲ.

1978ರ ಚಿತ್ರದಲ್ಲಿ, ಮನುಷ್ಯರ ಇತಿಹಾಸದಲ್ಲಿ ಕೈಹಾಕಕೂಡದೆಂದು ಹೆತ್ತ ತಂದೆ ವಿಧಿಸಿದ್ದ ನಿಯಮವನ್ನು ಒಬ್ಬ ಹೆಣ್ಣಿನ ಜೀವಕ್ಕಾಗಿ ಮುರಿದು, ಸೂಪರ್‌ಮ್ಯಾನ್ ಕಾಲವನ್ನೇ ಹಿಂದಕ್ಕೆ ತಿರುಗಿಸುತ್ತಾನೆ. ಅದು ಸುಲಭದ ಪರಿಹಾರ. ಹೊಸ ಚಿತ್ರ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಇಲ್ಲಿ ಅವನು ಸೋಲುತ್ತಾನೆ, ಜನರ ನಂಬಿಕೆ ಕಳೆದುಕೊಳ್ಳುತ್ತಾನೆ, ಮತ್ತು ಎಲ್ಲರಿಗಿಂತ ಬಲಶಾಲಿಯಾಗಿದ್ದೂ ತಾನೇ ಹೋಗಿ ಸರ್ಕಾರಕ್ಕೆ ಶರಣಾಗುತ್ತಾನೆ. ಮಾಡಬೇಕಾದ್ದನ್ನು ಮಾಡು, ಆಮೇಲೆ ಲೆಕ್ಕ ಕೊಡಲು ತಲೆಬಾಗಿ ನಿಲ್ಲು ಎಂಬುದು ಅವನ ನಡೆಯ ಅರ್ಥವೆಂದು ನಾನು ತಿಳಿದೆ. ಲೋಯಿಸ್‌ಳ ಪ್ರಶ್ನೆಯೂ ಸರಿ, ಅವನ ಉತ್ತರವೂ ಸರಿ. ಪ್ರಶ್ನೆಗೆ ಹೆದರಿ ಉತ್ತರವನ್ನೇ ಕೈಬಿಟ್ಟವನು ನಾನು.

ಸಾಕಿದವರ ಮಾತು

ಹಳೆಯ ಅಭಿಮಾನಿಗಳನ್ನು ಕೆರಳಿಸಿದ ಒಂದು ಬದಲಾವಣೆಯ ಬಗ್ಗೆ ಹೇಳಬೇಕು. ಸೂಪರ್‌ಮ್ಯಾನ್ ಹೆತ್ತವರು ಕ್ರಿಪ್ಟಾನ್ ಗ್ರಹದಿಂದ ಕಳಿಸಿದ ಸಂದೇಶದ ಅರ್ಧಭಾಗವನ್ನಷ್ಟೇ ಅವನು ಕೇಳಿದ್ದಾನೆ. ಅದೇ ಅವನ ಬದುಕಿನ ಮಂತ್ರ. ಕೆಟ್ಟುಹೋಗಿದ್ದ ಉಳಿದರ್ಧವನ್ನು ಲೂಥರ್ ಬಿಡಿಸಿ ಜಗತ್ತಿಗೆ ಕೇಳಿಸುತ್ತಾನೆ: ಅಲ್ಲಿನ ಜನ ದುರ್ಬಲರು, ಅವರನ್ನು ಆಳು. ಬ್ರಾಂಡೊನ ಗಂಭೀರ ಮುಖವನ್ನು ನಲವತ್ತೈದು ವರ್ಷ ಎದೆಯಲ್ಲಿಟ್ಟುಕೊಂಡಿದ್ದ ನನಗೆ ಇದು ಮೊದಲು ಅಪಚಾರವೆನಿಸಿತು.

ಆದರೆ ಯೋಚಿಸಿದಷ್ಟೂ ಇದು ನಮಗೆ ಹೊಸದಲ್ಲವೆನಿಸಿತು. ತೊಟ್ಟಿಲಲ್ಲಿ ತೇಲಿಬಂದ ಮಗು, ಬಡ ದಂಪತಿ ಸಾಕಿದ ಮಗು, ಹುಟ್ಟಿನ ಗುಟ್ಟು ಬಯಲಾದ ಮೇಲೂ ರಾಧೇಯನೆಂದೇ ಉಳಿದ ಕರ್ಣನ ಕಥೆ ಕನ್ನಡಿಗರಿಗೆ ಪಂಪನ ಕಾಲದಿಂದಲೂ ಪ್ರಿಯ. ಹೊಸ ಚಿತ್ರದ ಕ್ಲಾರ್ಕ್ ಕುಸಿದು ಕ್ಯಾನ್ಸಸ್‌ನ ತೋಟದ ಮನೆಗೆ ಬಂದಾಗ, ಹೊಟ್ಟೆ ಬಂದ, ಭಾವುಕನಾದ, ಸಾಧಾರಣ ಮಾತಿನ ಸಾಕುತಂದೆ ಹೇಳುವುದಿಷ್ಟು: ಮಕ್ಕಳು ಏನಾಗಬೇಕೆಂದು ಹೆತ್ತವರು ವಿಧಿಸಲಾಗದು, ನೀನು ಮಾಡಿದ ಆಯ್ಕೆಗಳೇ ನೀನು. ಹುಟ್ಟಿನಿಂದ ಮನುಷ್ಯನನ್ನು ಅಳೆಯುವ ನಮ್ಮ ಸಮಾಜದಲ್ಲಿ ಈ ಮಾತಿಗೆ ಅಮೆರಿಕದಲ್ಲಿರುವುದಕ್ಕಿಂತ ಹೆಚ್ಚಿನ ತೂಕವಿದೆ. ಅಲ್ಲಿಯೂ ತೂಕ ಕಡಿಮೆಯೇನಿಲ್ಲ. ಇದು ವಲಸೆಗಾರನ ಕಥೆ ಎಂದು ನಿರ್ದೇಶಕರು ಹೇಳಿದ್ದಕ್ಕೇ ಅಲ್ಲಿ ಗದ್ದಲವೆದ್ದಿತು. ಇಬ್ಬರು ವಲಸೆಗಾರರ ಮಕ್ಕಳು ಸೃಷ್ಟಿಸಿದ, ಬೇರೆ ಗ್ರಹದಿಂದ ಬಂದು ಹೊಲಮನೆಯಲ್ಲಿ ಬೆಳೆದ ನಾಯಕ ಇನ್ನೇನಾಗಿರಲು ಸಾಧ್ಯ?

ಹಳೆಯ ಚಿತ್ರದಲ್ಲಿ ಸಾಕುತಂದೆ ಹೃದಯಾಘಾತದಿಂದ ಕುಸಿದು ಬೀಳುತ್ತಾನೆ. ಇಷ್ಟೆಲ್ಲ ಶಕ್ತಿಯಿದ್ದೂ ಅಪ್ಪನನ್ನು ಉಳಿಸಿಕೊಳ್ಳಲಾಗಲಿಲ್ಲ ಎಂದು ಹುಡುಗ ಕೊರಗುತ್ತಾನೆ. 1984ರಲ್ಲಿ ನಮ್ಮ ತಂದೆ ಹಾಗೆಯೇ ಹೋದಾಗ ನಾನು ಹೊಸ ಅಧಿಕಾರಿ. ಊರಿಗೆ ಸರ್ಕಾರಿ ಜೀಪಿನಲ್ಲಿ ತಲುಪಿದಾಗ ಎಲ್ಲ ಮುಗಿದಿತ್ತು. ಹೊಸ ಚಿತ್ರದಲ್ಲಿ ಅಪ್ಪ ಬದುಕಿದ್ದಾನೆ. ಕೊನೆಯಲ್ಲಿ, ಹೆತ್ತವರ ಆದೇಶದ ಜಾಗದಲ್ಲಿ, ಸಾಕಿದವರ ಮನೆಯ ಹಳೆಯ ವಿಡಿಯೊ ತುಣುಕುಗಳನ್ನು ಕ್ಲಾರ್ಕ್ ನೋಡುತ್ತ ಕುಳಿತುಕೊಳ್ಳುತ್ತಾನೆ. ಈ ಸಲ ಮೊಮ್ಮಗಳು ಏನೂ ಹೇಳಲಿಲ್ಲ, ಕರ್ಚೀಫು ಕೊಟ್ಟಳು.

ವಿಶ್ವದಾದ್ಯಂತ ಚಿತ್ರ 60 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಮುಂದಿನ ಭಾಗಗಳು ಬರುತ್ತವೆ. ಅವು ಹೇಗಿದ್ದರೂ ನನ್ನ ದೂರಿಲ್ಲ. ಬೀದಿಯಲ್ಲಿ ಬಿದ್ದ ನಾಯಕನಿಗೆ ಕೈಕೊಟ್ಟು ಎಬ್ಬಿಸುವ ತಿಂಡಿ ಗಾಡಿಯವನು, ಗದ್ದಲದ ನಡುವೆ ಅಳಿಲೊಂದನ್ನು ಎತ್ತಿ ಬದಿಗಿಡುವ ನಾಯಕ, ಇವಿಷ್ಟು ಸಾಕು.

ಮೆಟ್ರೊದಲ್ಲಿ ಮನೆಗೆ ಬರುವಾಗ ಮೊಮ್ಮಗಳು ಕೇಳಿದಳು, ‘ಅವನು ಪರ್ಮಿಷನ್ ಕೇಳಬೇಕಿತ್ತಾ ತಾತ?’ ನೇರವಾಗಿ ಉತ್ತರಿಸಲಾಗದೆ ಅವಳಿಗೆ ಅಕ್ಕಿಯ ಕಥೆ ಹೇಳಿದೆ. ಅದನ್ನು ಅವಳು ಮೊದಲೇ ಕೇಳಿದ್ದಳು. ಆಮೇಲೆ, ಮೊದಲ ಬಾರಿಗೆ, ಆ ವೃದ್ಧೆಯ ಕಥೆಯನ್ನೂ ಹೇಳಿದೆ. ಎರಡು ನಿಲ್ದಾಣ ಸುಮ್ಮನಿದ್ದು, ‘ಆಮೇಲೆ ನೀನು ಅವರನ್ನ ಹುಡುಕಲಿಲ್ವಾ?’ ಎಂದಳು. ಇಲ್ಲ ಎಂದೆ.

ಮರುವಾರ, ಆ ಊರಿನಲ್ಲಿ ಆಗ ಗ್ರಾಮಲೆಕ್ಕಿಗರಾಗಿದ್ದ, ಈಗ ನನ್ನಂತೆಯೇ ನಿವೃತ್ತರಾದ ಗೆಳೆಯರಿಗೆ ಫೋನ್ ಮಾಡಿದೆ. ಹೆಸರು ನೆನಪಿದೆ, ಮಗನ ಕಡೆಯವರು ಯಾರಾದರೂ ಊರಲ್ಲಿದ್ದಾರೆಯೇ ವಿಚಾರಿಸುತ್ತೇನೆ ಎಂದಿದ್ದಾರೆ. ಅವಳು ಬದುಕಿರುವ ಸಾಧ್ಯತೆ ಕಡಿಮೆ ಎಂಬುದು ನನಗೆ ಗೊತ್ತು. ಆದರೂ ಫೋನ್ ರಿಂಗಾದಾಗಲೆಲ್ಲ ಅವರ ಹೆಸರು ಕಾಣುತ್ತದೆಯೇ ಎಂದು ನೋಡುತ್ತೇನೆ.